ಹಳೇ ‘ಸ್ಟಾರ್ ಟ್ರೆಕ್’ ಅನ್ನು ಗುಂಪಾಗಿ ಮತ್ತೆ ನೋಡುವುದು ಹೇಗೆ: ಮೂರನೇ ವಾರ ದಾಟಿಸುವ ಮಾರ್ಗದರ್ಶಿ

ಕೋಲಾರದಲ್ಲಿ ನನಗೆ ಗೊತ್ತಿರುವ ನಾಲ್ಕು ಗುಂಪುಗಳು ಹಳೇ ‘ಸ್ಟಾರ್ ಟ್ರೆಕ್’ ನೋಡೋಣ ಅಂತ ಶುರು ಮಾಡಿದವು. ನಾಲ್ಕೂ ಮೂರನೇ ವಾರಕ್ಕೆ ನಿಂತುಹೋದವು. ಅದರಲ್ಲಿ ಎರಡು ನನ್ನವೇ.

ಯಾಕೆ ನಿಂತಿತು ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಯಾರಿಗೂ ಟೈಮ್ ಇಲ್ಲ ಗುರು.’ ಅದು ಸುಳ್ಳು. ಅದೇ ಜನ ಐಪಿಎಲ್ ಬಂದರೆ ರಾತ್ರಿ ಹನ್ನೊಂದೂವರೆವರೆಗೆ ಅಲ್ಲಾಡದೆ ಕೂರುತ್ತಾರೆ. ನಾವು ತಪ್ಪಿದ್ದು ಕೆಲಸಗಳ ಕ್ರಮದಲ್ಲಿ. ಮೊದಲು ಟಿವಿ ಹಾಕಿದೆವು. ಆಮೇಲೆ ಏನು ನೋಡೋದು ಅಂತ ಯೋಚಿಸಿದೆವು. ಕೊನೆಗೆ, ಯಾರು ಬಂದಿದ್ದಾರೆ ಅಂತ ತಿರುಗಿ ನೋಡಿದೆವು. ಐದನೇ ಸಲ ಇದನ್ನೇ ತಿರುವುಮುರುವು ಮಾಡಿದ ಮೇಲೆ ಗುಂಪು ಉಳಿದುಕೊಂಡಿತು. ಮೊದಲು ಜನ, ಆಮೇಲೆ ಪಟ್ಟಿ, ಆಮೇಲೆ ಪ್ರಿಂಟು, ಕೊನೆಗೆ ಟಿವಿ.

ಇಲ್ಲಿ ಹೇಳುತ್ತಿರುವುದು 1966ರಿಂದ 1969ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಮೊದಲ ಸರಣಿಯ ಬಗ್ಗೆ ಮಾತ್ರ. ಕ್ಯಾಪ್ಟನ್ ಕಿರ್ಕ್ ಮತ್ತವನ ಜನ ಎಂಟರ್‌ಪ್ರೈಸ್ ಅನ್ನುವ ಆಕಾಶಹಡಗಿನಲ್ಲಿ ಗ್ರಹದಿಂದ ಗ್ರಹಕ್ಕೆ ಅಲೆಯುವ ಟಿವಿ ಧಾರಾವಾಹಿ ಅದು. ಮೂರು ಸೀಸನ್, 79 ಎಪಿಸೋಡ್, ಒಂದೊಂದೂ ಸುಮಾರು 50 ನಿಮಿಷ. ಮುಂದೆ ಬಂದ ಸರಣಿಗಳ ಲೆಕ್ಕವೇ ಬೇರೆ.

## ಶುರುವಿಗೆ ಮುಂಚೆ ಕೈಗೆ ಬೇಕಾದ್ದು

32 ಇಂಚಿಗಿಂತ ದೊಡ್ಡ ಟಿವಿ ಒಂದು. ತಂತಿಯಲ್ಲಿ ಜೋಡಿಸಬಹುದಾದ ಸ್ಪೀಕರ್ ಒಂದು. ಎಪಿಸೋಡ್‌ಗಳ ಡಿಸ್ಕ್, ಇಲ್ಲವೇ ಚಂದಾ ಕಟ್ಟಿದ ಆ್ಯಪ್. ಬ್ಯಾಟರಿ ಸರಿಯಿರುವ ಇನ್ವರ್ಟರ್. ಪಟ್ಟಿ ಬರೆದು ಗೋಡೆಗೆ ಅಂಟಿಸಲು ಒಂದು ಹಾಳೆ. ಪ್ರೊಜೆಕ್ಟರ್ ಬೇಡ. ಮಹಡಿ ಮೇಲೆ ಪಂಚೆ ಕಟ್ಟಿ ನೋಡುವುದು ಕೇಳಲು ಚೆಂದ. ಆದರೆ ಪೂರ್ತಿ ಕತ್ತಲಾಗುವವರೆಗೆ ಚಿತ್ರ ಕಾಣುವುದಿಲ್ಲ, ಗಾಳಿಗೆ ಕ್ಯಾಪ್ಟನ್ ಮುಖವೇ ಅಲ್ಲಾಡುತ್ತದೆ, ಸೊಳ್ಳೆಗಳ ಮಾತಂತೂ ಬೇಡವೇ ಬೇಡ.

## ಹಂತ 1: ಜನರನ್ನು ಆರಿಸಿ

ಐದರಿಂದ ಏಳು ಜನ ಸಾಕು. ನಾಲ್ಕೇ ಜನ ಇದ್ದು ಇಬ್ಬರು ತಪ್ಪಿಸಿಕೊಂಡರೆ ಆ ದಿನ ಕೆಟ್ಟಿತು. ಎಂಟು ದಾಟಿದರೆ ಅದು ಮದುವೆಮನೆ.

ಹಳೇ ಅಭಿಮಾನಿಗಳು ಅರ್ಧಕ್ಕಿಂತ ಜಾಸ್ತಿ ಇರಬಾರದು. ಬರೀ ಹಳಬರೇ ಸೇರಿದರೆ ಯಾರೂ ನೋಡುವುದಿಲ್ಲ, ಎಲ್ಲರೂ ನೆನಪು ಹೇಳುತ್ತಾರೆ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ನೋಡಿದವರು ಒಬ್ಬರೋ ಇಬ್ಬರೋ ಇರಲಿ. ಹೊಸಬರು ಮೂವರಾದರೂ ಬೇಕು. ಹೊಸಬ ಒಬ್ಬನೇ ಆದರೆ ಅವನು ಪರೀಕ್ಷೆಗೆ ಕೂತ ಹುಡುಗನಂತೆ ಆಗಿಬಿಡುತ್ತಾನೆ. ‘ಹೆಂಗಿದೆ? ಹೆಂಗಿದೆ?’ ಅಂತ ಎಲ್ಲರೂ ಅವನ ಮುಖವನ್ನೇ ನೋಡುತ್ತಿರುತ್ತಾರೆ. ಪಾಪ.

ಆಮೇಲೆ ದಿನ ಗೊತ್ತುಮಾಡಿ. ನಮ್ಮ ಕಡೆ ಇದು ಸುಲಭದ ಕೆಲಸ ಅಲ್ಲ. ಬೆಂಗಳೂರಿಗೆ ಹೋಗಿ ಬರುವವರು ವಾರದ ದಿನ ಮನೆ ಸೇರುವ ಹೊತ್ತಿಗೆ ಒಂಬತ್ತು ಗಂಟೆ. ನಮ್ಮ ಗುಂಪಿನಲ್ಲಿ ರೇಷ್ಮೆ ಸಾಕುವವರೊಬ್ಬರಿದ್ದಾರೆ. ಹುಳ ಹಣ್ಣಾದ ವಾರ ಅವರನ್ನು ಯಾವ ನಕ್ಷತ್ರಲೋಕವೂ ಕರೆತರಲಾರದು. ಇನ್ನೊಬ್ಬರು ಟೊಮೆಟೊ ಮಂಡಿಯವರು. ಅವರಿಗೆ ನಸುಕಿನಲ್ಲೇ ಕೆಲಸ, ರಾತ್ರಿ ಎಂಟಕ್ಕೆ ಕಣ್ಣು ಮುಚ್ಚಿಕೊಳ್ಳುತ್ತದೆ. ನಮಗೆ ಕೊನೆಗೆ ಹೊಂದಿದ್ದು ಭಾನುವಾರ ಸಂಜೆ 5ರಿಂದ 7.30. ಒಮ್ಮೆ ಗೊತ್ತಾದ ದಿನವನ್ನು ಯಾರೊಬ್ಬರಿಗಾಗಿಯೂ ಬದಲಿಸಬೇಡಿ. ಬರಲಾಗದವರು ಆ ಎಪಿಸೋಡ್ ಅನ್ನು ಮನೆಯಲ್ಲಿ ನೋಡಿಕೊಂಡು ಮುಂದಿನ ವಾರ ಬರಲಿ. ‘ಅಣ್ಣ ಇಲ್ಲ, ಮುಂದಕ್ಕೆ ಹಾಕೋಣ’ ಅಂದ ದಿನವೇ ಗುಂಪಿನ ತಿಥಿ ಗೊತ್ತಾಯಿತು ಅಂತ ತಿಳಿಯಿರಿ.

## ಹಂತ 2: ಪಟ್ಟಿ ಮಾಡಿ (ಹೆಚ್ಚಿನವರು ಸೋಲುವುದು ಇಲ್ಲೇ)

ಮೊದಲ ತಪ್ಪು: ‘ಒಂದರಿಂದ ಶುರುಮಾಡಿ 79ರವರೆಗೆ ನೋಡೋಣ.’ ವಾರಕ್ಕೆ ಎರಡರಂತೆ ನೋಡಿದರೂ 40 ವಾರ ಬೇಕು. ನಡುವೆ ಒಂದು ಯುಗಾದಿ, ಒಂದು ಗಣೇಶನ ಹಬ್ಬ, ಕನಿಷ್ಠ ಆರು ಮದುವೆ. ಆಗುವ ಮಾತಲ್ಲ. ಮೊದಲ ಸುತ್ತಿಗೆ ಆರು ವಾರ, ಹನ್ನೊಂದು ಎಪಿಸೋಡ್. ಮುಗಿಯುವಂಥದ್ದನ್ನೇ ಶುರು ಮಾಡಿ.

ಎರಡನೇ ತಪ್ಪು: ಆ್ಯಪ್‌ನಲ್ಲಿ ಮೊದಲು ಕಾಣುವುದನ್ನೇ ಒತ್ತುವುದು. ಈ ಸರಣಿಯಲ್ಲಿ ಚಿತ್ರೀಕರಣದ ಕ್ರಮ ಬೇರೆ, ಪ್ರಸಾರದ ಕ್ರಮ ಬೇರೆ. 1966ರ ಸೆಪ್ಟೆಂಬರ್ 8ರಂದು ಮೊದಲು ಪ್ರಸಾರವಾದ ‘ದ ಮ್ಯಾನ್ ಟ್ರ್ಯಾಪ್’ ಮೊದಲು ತಯಾರಾದದ್ದಲ್ಲ. ಅದರಲ್ಲಿ ಉಪ್ಪು ಹೀರುವ ಒಂದು ಪ್ರಾಣಿ ಇದೆ. ಅದೊಂದನ್ನೇ ನೋಡಿದ ಹೊಸಬರು ‘ಓ, ಇದು ದೆವ್ವದ ಸೀರಿಯಲ್ಲು’ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಮೂರನೆಯದಾಗಿ ಪ್ರಸಾರವಾದ ‘ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್’ ನಿಜಕ್ಕೂ ಎರಡನೇ ಪೈಲಟ್, ಅಂದರೆ ಚಾನೆಲ್‌ನವರಿಗೆ ತೋರಿಸಲು ಮೊದಲೇ ಮಾಡಿದ ಮಾದರಿ ಎಪಿಸೋಡ್. ಅದರಲ್ಲಿ ಸಮವಸ್ತ್ರ ಬೇರೆ, ಡಾಕ್ಟರ್ ಬೇರೆ, ಸಂಪರ್ಕ ನೋಡಿಕೊಳ್ಳುವ ಉಹುರಾ ಇಲ್ಲವೇ ಇಲ್ಲ. ಎರಡು ಎಪಿಸೋಡ್ ನೋಡಿ ಮುಖಗಳ ಪರಿಚಯ ಮಾಡಿಕೊಂಡವರಿಗೆ ಅಲ್ಲಿ ತಲೆ ಕೆಡುತ್ತದೆ.

ಮೂರನೇ ತಪ್ಪು ಸ್ವಲ್ಪ ಜಾಣರು ಮಾಡುವಂಥದ್ದು. ‘ದ ಕೇಜ್’ ಅನ್ನೋದು ಎಲ್ಲಕ್ಕಿಂತ ಮೊದಲು ತಯಾರಾದ ಪೈಲಟ್ ಅಂತ ಅವರಿಗೆ ಗೊತ್ತು. ಹಾಗಾಗಿ ಅದರಿಂದಲೇ ಶುರು. ಅದರ ದೃಶ್ಯಗಳನ್ನೇ ತೆಗೆದುಕೊಂಡು 1966ರ ನವೆಂಬರ್‌ನಲ್ಲಿ ‘ದ ಮೆನಾಜರಿ’ ಅನ್ನುವ ಎರಡು ಭಾಗದ ಕಥೆ ಮಾಡಿದರು. ಎರಡನ್ನೂ ಪಟ್ಟಿಗೆ ಸೇರಿಸಿದರೆ ಅದೇ ಊಟವನ್ನು ಎರಡು ಸಲ ಬಡಿಸಿದಂತೆ. ಮೊದಲ ಸುತ್ತಿಗೆ ಎರಡೂ ಬೇಡ.

ಹಾಗಾದರೆ ಏನು? ನಾವು ಕಿತ್ತಾಡಿ ಉಳಿಸಿಕೊಂಡ ಪಟ್ಟಿ ಇದು.

ವಾರ 1: ‘ದ ಕಾರ್ಬೊಮೈಟ್ ಮನೂವರ್’, ಆಮೇಲೆ ‘ಅರೀನಾ’. ಪೈಲಟ್‌ಗಳು ಮುಗಿದು ಸರಣಿ ಶುರುವಾದಾಗ ಮೊದಲು ಚಿತ್ರೀಕರಿಸಿದ್ದು ಕಾರ್ಬೊಮೈಟ್. ಹಡಗಿನಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಅಂತ ತಾನಾಗಿ ಗೊತ್ತಾಗುತ್ತದೆ. ‘ಅರೀನಾ’ದ ಹಲ್ಲಿಮನುಷ್ಯನ ವೇಷ ನೋಡಿ ಎಲ್ಲರೂ ನಗುತ್ತಾರೆ. ನಗಲಿ. ಮೊದಲ ವಾರವೇ ನಕ್ಕುಬಿಟ್ಟರೆ ಆಮೇಲೆ ರಟ್ಟಿನ ಬಂಡೆ ಯಾರ ಕಣ್ಣಿಗೂ ಕುಕ್ಕುವುದಿಲ್ಲ.

ವಾರ 2: ‘ಬ್ಯಾಲೆನ್ಸ್ ಆಫ್ ಟೆರರ್’, ‘ದ ಡೆವಿಲ್ ಇನ್ ದ ಡಾರ್ಕ್’. ಎರಡನೆಯದು ನಡೆಯುವುದು ಗಣಿಯೊಳಗೆ. ನಮ್ಮಲ್ಲಿ ಒಬ್ಬರ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರಿಗೂ ಆಳ ಇಳಿಯುವ ಗಣಿ ಅದು. ಎಪಿಸೋಡ್ ಮುಗಿದ ಮೇಲೆ ಅವರು ಅರ್ಧ ಗಂಟೆ ಮಾತಾಡಿದರು. ಕೆಳಗಿನ ಕಾವು, ಬಂಡೆ ಸಿಡಿಯುವ ಸದ್ದು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಮನೆಯಲ್ಲಿ ಉಳಿದ ಹೆಲ್ಮೆಟ್ಟು. ಆ ಭಾನುವಾರ ಯಾರೂ ಗಡಿಯಾರ ನೋಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ಈ ಎಪಿಸೋಡ್ ಬಿಟ್ಟು ಪಟ್ಟಿ ಮಾಡುವುದು ದಡ್ಡತನ.

ವಾರ 3: ‘ಸ್ಪೇಸ್ ಸೀಡ್’, ‘ಎರಂಡ್ ಆಫ್ ಮರ್ಸಿ’. ಎಲ್ಲ ಗುಂಪೂ ಒಡೆಯುವ ವಾರ ಇದು. ಅದಕ್ಕೇ ಗಟ್ಟಿ ಖಳನಾಯಕನನ್ನು ಇಲ್ಲಿಗೆ ಇಟ್ಟಿದ್ದೇನೆ. ಖಾನ್ ಮುಂದೆ 1982ರ ಸಿನಿಮಾದಲ್ಲಿ ಮತ್ತೆ ಬರುತ್ತಾನೆ. ‘ಎರಂಡ್ ಆಫ್ ಮರ್ಸಿ’ಯಲ್ಲಿ ಹಡಗಿನವರ ಶತ್ರುಗಳಾದ ಕ್ಲಿಂಗಾನರು ಮೊದಲ ಸಲ ಕಾಣಿಸುತ್ತಾರೆ.

ವಾರ 4: ‘ದ ಸಿಟಿ ಆನ್ ದ ಎಡ್ಜ್ ಆಫ್ ಫಾರೆವರ್’. ಇದೊಂದೇ. ಇದಾದ ಮೇಲೆ ಇನ್ನೊಂದು ಹಾಕಬೇಡಿ. ಯಾಕೆ ಅಂತ ಇಲ್ಲಿ ಬರೆಯುವುದಿಲ್ಲ. ನೋಡಿದವರಿಗೆ ಗೊತ್ತು, ನೋಡದವರಿಗೆ ಗೊತ್ತಾಗಬಾರದು.

ವಾರ 5: ‘ಅಮಾಕ್ ಟೈಮ್’, ‘ಜರ್ನಿ ಟು ಬೇಬಲ್’. ಮೊದಲನೆಯದರಲ್ಲಿ ಹಡಗಿನ ವಿಜ್ಞಾನಿ, ಬೇರೆ ಗ್ರಹದ ಸ್ಪಾಕ್‌ನ ಊರು, ಎರಡನೆಯದರಲ್ಲಿ ಅವನ ಅಪ್ಪ-ಅಮ್ಮ. ಇದೇ ಕ್ರಮದಲ್ಲಿ ಇರಲಿ.

ವಾರ 6: ‘ಮಿರರ್, ಮಿರರ್’, ‘ದ ಟ್ರಬಲ್ ವಿತ್ ಟ್ರಿಬಲ್ಸ್’. ‘ಮಿರರ್’ನಲ್ಲಿ ಇದೇ ಜನ ಇನ್ನೊಂದು ಲೋಕದಲ್ಲಿ ಕೆಟ್ಟವರಾಗಿರುತ್ತಾರೆ. ಒಳ್ಳೆಯವರಾಗಿದ್ದಾಗ ಹೇಗಿದ್ದರು ಅಂತ ಐದು ವಾರ ನೋಡಿರದಿದ್ದರೆ ಅದರಲ್ಲಿ ಸ್ವಾರಸ್ಯವೇ ಇಲ್ಲ. ಟ್ರಿಬಲ್ಸ್ ಕಥೆ ನಿಂತಿರುವುದು ‘ಎರಂಡ್ ಆಫ್ ಮರ್ಸಿ’ಯಲ್ಲಾಗುವ ಒಪ್ಪಂದದ ಮೇಲೆ. ಆದ್ದರಿಂದ ಮೂರನೇ ವಾರ ತಪ್ಪಿಸಿಕೊಂಡವರಿಗೆ ಅದನ್ನು ನೋಡಿಕೊಂಡು ಬರಲು ಮೊದಲೇ ಹೇಳಿ.

ಮೂರನೇ ಸೀಸನ್‌ನಿಂದ ಒಂದೂ ಇಲ್ಲ ಅಂತ ಹಳಬರು ಜಗಳ ತೆಗೆಯುತ್ತಾರೆ. ಬೇಕಂತಲೇ ಬಿಟ್ಟಿದ್ದು. ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ ಮೇಲೆ ತಿದ್ದುಪಡಿ ಇಲ್ಲ.

## ಹಂತ 3: ಪ್ರಿಂಟು ಹಳೇದೋ ಹೊಸದೋ, ಮೊದಲೇ ತೀರ್ಮಾನಿಸಿ

2006ರಿಂದ ಈ ಸರಣಿಯನ್ನು ತೊಳೆದು ಮತ್ತೆ ಬಿಟ್ಟರು. ಆಗ ಹಡಗು, ಗ್ರಹಗಳ ದೃಶ್ಯಗಳನ್ನು ಕಂಪ್ಯೂಟರ್‌ನಲ್ಲಿ ಹೊಸದಾಗಿ ಮಾಡಿ ಸೇರಿಸಿದರು. ಬ್ಲೂ-ರೇ ಡಿಸ್ಕ್‌ನಲ್ಲಿ ಹಳೇದು, ಹೊಸದು ಎರಡನ್ನೂ ಆರಿಸಿಕೊಳ್ಳಬಹುದು. ಆ್ಯಪ್‌ನಲ್ಲಾದರೆ ಸಿಕ್ಕಿದ್ದೇ ಗತಿ.

ಹಳಬರಿಗೆ ಹಳೇದೇ ಬೇಕು. ಹೊಸಬರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹೊಸಬರು ಹೆಚ್ಚಿದ್ದರೆ ಹೊಸದನ್ನೇ ಹಾಕಿ ಅನ್ನುವುದು ನನ್ನ ಮಾತು. ಮುಖ್ಯ ಏನೆಂದರೆ ಈ ಚರ್ಚೆ ಟಿವಿ ಮುಂದೆ ನಡೆಯಬಾರದು. ನಮ್ಮ ಎರಡನೇ ಗುಂಪು ಮುರಿದದ್ದೇ ಇದರಿಂದ. ಇಬ್ಬರು ಹಿರಿಯರು ಒಂದು ಗ್ರಹದ ಬಣ್ಣದ ಬಗ್ಗೆ ಇಪ್ಪತ್ತು ನಿಮಿಷ ವಾದ ಮಾಡಿದರು. ಅಷ್ಟರಲ್ಲಿ ಹೊಸಬರು ಚಪ್ಪಲಿ ಹಾಕಿಕೊಂಡಿದ್ದರು.

‘ನನ್ನ ಹತ್ರ ಪೆನ್ ಡ್ರೈವ್‌ನಲ್ಲಿ ಎಲ್ಲಾ ಇದೆ’ ಅನ್ನುವವರನ್ನು ನಯವಾಗಿ ತಡೆಯಿರಿ. ಅದು ಕದ್ದ ಪ್ರತಿ ಅನ್ನುವುದು ಒಂದು ಮಾತು. ಅದರ ಜೊತೆಗೆ ಸಬ್‌ಟೈಟಲ್ ನಾಲ್ಕು ಸೆಕೆಂಡ್ ಹಿಂದೆ ಓಡುತ್ತಿರುತ್ತದೆ, ಫೈಲಿನ ನಂಬರಿಗೂ ಎಪಿಸೋಡಿನ ಹೆಸರಿಗೂ ತಾಳಮೇಳ ಇರುವುದಿಲ್ಲ.

## ಹಂತ 4: ಶನಿವಾರವೇ ಟಿವಿ ಪರೀಕ್ಷೆ ಮಾಡಿ

ಭಾನುವಾರ ಐದಕ್ಕೆ ರಿಮೋಟ್ ಹುಡುಕಬಾರದು. ಹಿಂದಿನ ದಿನ ಹತ್ತು ನಿಮಿಷ ಹಾಕಿ ನೋಡಿ. ನಾಲ್ಕು ವಿಷಯ ಪರೀಕ್ಷಿಸಬೇಕು.

ಒಂದು, ಚಿತ್ರದ ಆಕಾರ. ಇದು ಹಳೇ ಚೌಕಟ್ಟಿನ, 4:3 ಅಳತೆಯ ಧಾರಾವಾಹಿ. ಈಗಿನ ಟಿವಿಯಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಬರುವುದೇ ಸರಿ. ಯಾರೋ ಒಬ್ಬರು ‘ಪರದೆ ವೇಸ್ಟ್ ಆಗ್ತಿದೆ’ ಅಂತ ಎಳೆದು ತುಂಬಿಸುತ್ತಾರೆ. ಆಗ ಸ್ಪಾಕ್ ದಪ್ಪಗಾಗುತ್ತಾನೆ, ಹಡಗು ತಟ್ಟೆ ಇಡ್ಲಿಯಾಗುತ್ತದೆ. ದುಂಡಗಿರಬೇಕಾದ ಗ್ರಹ ಮೊಟ್ಟೆಯಂತೆ ಕಂಡರೆ ಸೆಟ್ಟಿಂಗ್ ತಪ್ಪಿದೆ ಅಂತ ಅರ್ಥ.

ಎರಡು, ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್. ಹೊಸ ಟಿವಿಗಳಲ್ಲಿ ಅದು ತಾನಾಗಿ ಚಾಲೂ ಇರುತ್ತದೆ. ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು, ಹೆಚ್ಚಾಗಿ ‘ಮೋಷನ್’ ಅನ್ನುವ ಮಾತು ಇರುತ್ತದೆ. ಆಫ್ ಮಾಡಿ. ಇಲ್ಲದಿದ್ದರೆ ಫಿಲ್ಮಿನಲ್ಲಿ ತೆಗೆದದ್ದು ಮದುವೆ ವಿಡಿಯೋ ಥರ ಕಾಣುತ್ತದೆ. ‘ವಿವಿಡ್’ ಬಣ್ಣವೂ ಬೇಡ. ಆ ಕಾಲದ ಅಂಗಿಗಳು ಮೊದಲೇ ಢಾಳು.

ಮೂರು, ಧ್ವನಿ. ಬ್ಲೂಟೂತ್ ಸ್ಪೀಕರ್ ಹಾಕಿದರೆ ಎಷ್ಟೋ ಸಲ ತುಟಿ ಮೊದಲು, ಮಾತು ಆಮೇಲೆ. ತಂತಿಯಲ್ಲೇ ಜೋಡಿಸಿ. ‘ಬ್ಯಾಲೆನ್ಸ್ ಆಫ್ ಟೆರರ್’ನಲ್ಲಿ ಉಸಿರು ಬಿಗಿಹಿಡಿದು ಪಿಸುಗುಡುವ ದೃಶ್ಯಗಳಿವೆ. ಟಿವಿಯ ಸಣ್ಣ ಸ್ಪೀಕರ್‌ನಲ್ಲಿ ಅವು ಫ್ಯಾನ್ ಸದ್ದಿಗೆ ಮುಚ್ಚಿಹೋಗುತ್ತವೆ.

ನಾಲ್ಕು, ಸಬ್‌ಟೈಟಲ್. ‘ನಮಗೆ ಇಂಗ್ಲಿಷ್ ಬರುತ್ತೆ’ ಅಂದರೂ ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಅರವತ್ತರ ದಶಕದ ಅಮೆರಿಕನ್ ಮಾತು, ಜೊತೆಗೆ ಎಂಜಿನಿಯರ್ ಸ್ಕಾಟಿಯ ಸ್ಕಾಟಿಷ್ ಎಳೆತ. ಅರ್ಥವಾಗದವರು ಕೇಳಲು ನಾಚಿಕೊಂಡು ಸುಮ್ನೆ ಕೂತಿರುತ್ತಾರೆ, ಮುಂದಿನ ವಾರ ಬರುವುದಿಲ್ಲ.

## ಹಂತ 5: ಕರೆಂಟು, ಕೋಣೆ, ತಿಂಡಿ

ಕರೆಂಟ್ ಹೋಗುತ್ತದೆ ಅಂತಲೇ ಲೆಕ್ಕ ಹಾಕಿ. ಇನ್ವರ್ಟರ್ ಇದೆ ಅಂತ ಧೈರ್ಯವಾಗಿದ್ದವರೂ ಇಲ್ಲಿ ಎಡವುತ್ತಾರೆ. ಎಷ್ಟೋ ಮನೆಗಳಲ್ಲಿ ಲೈಟು, ಫ್ಯಾನು ಮಾತ್ರ ಇನ್ವರ್ಟರ್ ಲೈನಿನಲ್ಲಿರುತ್ತವೆ. ಟಿವಿ ಪ್ಲಗ್ ಇರುವುದಿಲ್ಲ. ಟಿವಿ ಇದ್ದರೂ ರೂಟರ್ ಇರುವುದಿಲ್ಲ. ಶನಿವಾರ ಮೇನ್ ಸ್ವಿಚ್ ಆಫ್ ಮಾಡಿ, ಯಾವುದು ಉಳಿಯುತ್ತದೆ ನೋಡಿ. ಮೊಬೈಲ್ ಹಾಟ್‌ಸ್ಪಾಟ್ ಹಾಕುವುದಾದರೆ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ಹೋಗಬಹುದು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವವರ ಫೋನನ್ನು ನಂಬಬೇಡಿ.

ಮನೆಯಲ್ಲಿ ಗೆಳೆಯರ ಜೊತೆ ನೋಡುವುದು ಬೇರೆ. ಸಭಾಂಗಣ ಹಿಡಿದು, ಟಿಕೆಟ್ ಇಟ್ಟು ತೋರಿಸುವುದು ಬೇರೆ. ಎರಡನೆಯದಕ್ಕೆ ಹಕ್ಕಿದ್ದವರ ಅನುಮತಿ ಬೇಕು. ಆ ಕಡೆ ಹೋಗಲೇಬೇಡಿ.

ತಿಂಡಿಗೆ ಒಂದೇ ನಿಯಮ: ಸದ್ದು ಮಾಡಬಾರದು. ಚಿಪ್ಸ್ ಪೊಟ್ಟಣ ಬೇಡ. ಬೋಂಡಾ ಆಗಬಹುದು, ಇಡ್ಲಿ ಆಗಬಹುದು, ಸುಲಿದಿಟ್ಟ ಬೇಯಿಸಿದ ಕಡಲೆಕಾಯಿ ಬೀಜ ಎಲ್ಲಕ್ಕಿಂತ ಒಳ್ಳೇದು. ಡಿಸೆಂಬರ್‌ನಲ್ಲಿ ಯಾರಾದರೂ ಹುರಿದ ಅವರೆಕಾಳು ತಂದೇ ತರುತ್ತಾರೆ. ಡಬ್ಬಿಯನ್ನು ಅಡುಗೆಮನೆಯಲ್ಲೇ ಇಡಿಸಿ. ನಾಲ್ಕನೇ ವಾರದ ಎಪಿಸೋಡಿನ ಕೊನೇ ಎರಡು ನಿಮಿಷದಲ್ಲಿ ನಮ್ಮ ಮಾವ ಒಬ್ಬರು ಕಟಕಟ ಅಂತ ಅಗಿದರು. ಇವತ್ತಿಗೂ ಅವರನ್ನು ಯಾರೂ ಕ್ಷಮಿಸಿಲ್ಲ.

## ಹಂತ 6: ನೋಡುವಾಗ

ಶುರುವಿಗೆ ಒಂದು ನಿಮಿಷದ ಪೀಠಿಕೆ, ಅಷ್ಟೇ. ಮೊದಲ ವಾರ ಅಂಗಿಯ ಬಣ್ಣ ಹೇಳಿದರೆ ಸಾಕು: ಚಿನ್ನದ ಬಣ್ಣ ಹಡಗು ನಡೆಸುವವರು, ನೀಲಿ ವಿಜ್ಞಾನಿ ಮತ್ತು ಡಾಕ್ಟರ್, ಕೆಂಪು ಎಂಜಿನಿಯರ್, ಸಂಪರ್ಕ ಮತ್ತು ಕಾವಲಿನವರು. ದೂರದರ್ಶನದ ಕಾಲದಲ್ಲಿ ಕಪ್ಪು-ಬಿಳುಪು ಟಿವಿಯಲ್ಲಿ ನೋಡಿದ ಹಳಬರಿಗೂ ಇದು ಹೊಸ ಸುದ್ದಿಯೇ. ನಮ್ಮಲ್ಲೊಬ್ಬರು ನಲವತ್ತು ವರ್ಷ ಕಿರ್ಕ್‌ನ ಅಂಗಿ ಬಿಳಿ ಅಂದುಕೊಂಡಿದ್ದರು.

ಪ್ರತಿ ಎಪಿಸೋಡ್ ಜಾಹೀರಾತಿಗೆಂದು ತುಂಡುತುಂಡಾಗಿ ಕಟ್ಟಿದ್ದು. ಮೊದಲು ಚಿಕ್ಕ ದೃಶ್ಯ, ಶೀರ್ಷಿಕೆ ಸಂಗೀತ, ಆಮೇಲೆ ನಾಲ್ಕು ಭಾಗ. ಪ್ರತಿ ಭಾಗದ ಕೊನೆಗೆ ಸಂಗೀತ ಏರಿ ಪರದೆ ಕಪ್ಪಾಗುತ್ತದೆ. ಟೀ ತರುವವರು, ಬಾಗಿಲು ತೆಗೆಯುವವರು, ಫೋನ್ ಎತ್ತುವವರು ಆ ಕಪ್ಪಿಗೆ ಕಾಯಲಿ. ನಡುವೆ ನಿಲ್ಲಿಸಲೇಬೇಕಾದರೆ ಅಲ್ಲೇ ನಿಲ್ಲಿಸಿ.

ಹಳಬರ ಕಾಯಿಲೆಗಳು ಎರಡು. ನಟನಿಗಿಂತ ಮೊದಲೇ ಡೈಲಾಗ್ ಹೇಳುವುದು ಒಂದು. ‘ಈಗ ನೋಡು, ಈಗ ನೋಡು’ ಅನ್ನುವುದು ಇನ್ನೊಂದು. ಎರಡಕ್ಕೂ ದಂಡ ಇಡಿ. ನಮ್ಮಲ್ಲಿ ಮುಂದಿನ ವಾರದ ಬೋಂಡಾ ಅವರದೇ ಖರ್ಚು. ಮೂರನೇ ವಾರದ ಹೊತ್ತಿಗೆ ಎಲ್ಲರೂ ಸರಿಹೋದರು, ಒಬ್ಬರನ್ನು ಬಿಟ್ಟು. ಅವರು ಖುಷಿಯಾಗಿ ಬೋಂಡಾ ತರುತ್ತಿದ್ದಾರೆ.

## ಹಂತ 7: ನೋಡಿದ ಮೇಲೆ ಮಾತು

ಮೊದಲ ಮಾತು ಹೊಸಬರದ್ದು. ಅವರು ಮುಗಿಸುವವರೆಗೆ ಹಳಬರು ಬಾಯಿ ತೆರೆಯುವಂತಿಲ್ಲ. ‘ಹೆಂಗಿತ್ತು?’ ಅಂತ ಕೇಳಬೇಡಿ, ‘ಚೆನ್ನಾಗಿತ್ತು’ ಅಂತ ಬರುತ್ತದೆ, ಅಲ್ಲಿಗೆ ಮುಗೀತು. ‘ಆ ಕುರ್ಚಿಯಲ್ಲಿ ನೀನು ಕೂತಿದ್ರೆ ಏನ್ ಮಾಡ್ತಿದ್ದೆ?’ ಅಂತ ಕೇಳಿ. ಮಾತು ಕನ್ನಡದಲ್ಲಿ ಶುರುವಾಗಿ ಬಿಸಿಯೇರಿದಾಗ ತೆಲುಗಿಗೆ ಹೊರಳುತ್ತದೆ. ಕೋಲಾರದಲ್ಲಿ ಅದು ಒಳ್ಳೇ ಲಕ್ಷಣ, ತಡೆಯಬೇಡಿ.

ಹೆಣ್ಣುಮಕ್ಕಳ ಪಾತ್ರಗಳ ಬಗ್ಗೆ, ಆ ಗಿಡ್ಡ ಉಡುಪಿನ ಬಗ್ಗೆ ಯಾರಾದರೂ ರೇಗಿದರೆ ಹಳಬರು ‘ಆಗಿನ ಕಾಲ ಹಂಗಿತ್ತಮ್ಮ’ ಅಂತ ಬಾಯಿ ಮುಚ್ಚಿಸುತ್ತಾರೆ. ಇದು ದೊಡ್ಡ ತಪ್ಪು. ರೇಗುವುದಕ್ಕೆ ಕಾರಣ ಇದೆ. ಅವರು ಪೂರ್ತಿ ಹೇಳಲಿ. ನಮ್ಮಲ್ಲಿ ಹಾಗೆ ರೇಗಿದ ಅಕ್ಕನೇ ಈಗ ಪಟ್ಟಿ ನೋಡಿಕೊಳ್ಳುವವರು.

ಖಾನ್ ನೋಡಿದ ದಿನ ಹಳಬರಿಗೆ ಒಂದು ವಿಷಯ ಹೇಳದೆ ಇರಲಾಗುವುದಿಲ್ಲ: 1982ರ ಸಿನಿಮಾದಲ್ಲಿ ಖಾನ್ ಹಡಗಿನ ಸಿಬ್ಬಂದಿ ಚೆಕಾವ್‌ನ ಗುರುತು ಹಿಡಿಯುತ್ತಾನೆ, ಆದರೆ ‘ಸ್ಪೇಸ್ ಸೀಡ್’ ಮೊದಲ ಸೀಸನ್‌ನದು, ಚೆಕಾವ್ ಸರಣಿಗೆ ಬಂದದ್ದು ಎರಡನೇ ಸೀಸನ್‌ನಲ್ಲಿ. ಆ ಸಿನಿಮಾ ನೋಡುವವರೆಗೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಿ.

## ಎಚ್ಚರಿಕೆಯ ಲಕ್ಷಣಗಳು

ಎಪಿಸೋಡಿನ ಹದಿನೈದನೇ ನಿಮಿಷಕ್ಕೆ ಇಬ್ಬರ ಮುಖದ ಮೇಲೆ ಮೊಬೈಲ್ ಬೆಳಕು ಬಿದ್ದರೆ ಆ ಎಪಿಸೋಡಿನ ಆಯ್ಕೆ ತಪ್ಪಿದೆ. ಎರಡನೆಯದನ್ನು ಹಾಕಬೇಡಿ, ಟೀ ಮಾಡಿ. ಒಬ್ಬರೇ ಎರಡು ವಾರ ಸತತ ಬರದಿದ್ದರೆ ಗ್ರೂಪಿನಲ್ಲಿ ಮೆಸೇಜ್ ಹಾಕಿ ಕೆಣಕಬೇಡಿ, ಫೋನ್ ಮಾಡಿ. ಶನಿವಾರದ ಮೆಸೇಜಿಗೆ ಉತ್ತರವಾಗಿ ಬರೀ ಹೆಬ್ಬೆರಳು ಬರತೊಡಗಿದರೆ ವಾರಕ್ಕೆ ಎರಡು ಎಪಿಸೋಡ್ ಜಾಸ್ತಿ ಆಗಿದೆ, ಒಂದಕ್ಕೆ ಇಳಿಸಿ. ಹೊಸಬರು ನಗಬಾರದ ಕಡೆ ನಕ್ಕರೆ? ಅದು ಲಕ್ಷಣವೇ ಅಲ್ಲ, ಎದ್ದಿದ್ದಾರೆ ಅಂತ ಅರ್ಥ.

## ಹಂತ 8: ಏಳನೇ ವಾರದಿಂದ

ಒಂದು ಭಾನುವಾರ ರಜೆ ಕೊಡಿ. ಆಮೇಲೆ ಎರಡನೇ ಪಟ್ಟಿಯನ್ನು ಹೊಸಬರೇ ಮಾಡಲಿ, ಮನೆಯೂ ಬದಲಾಗಲಿ. ಅವರಿಗೆ ಒಂದೆರಡು ಸೂಚನೆ ಸಾಕು. ‘ಬ್ಯಾಲೆನ್ಸ್ ಆಫ್ ಟೆರರ್’ ಇಷ್ಟವಾಗಿದ್ದರೆ ಮೂರನೇ ಸೀಸನ್‌ನ ‘ದಿ ಎಂಟರ್‌ಪ್ರೈಸ್ ಇನ್ಸಿಡೆಂಟ್’ ಸೇರಿಸಿ, ಅದರಲ್ಲಿನ ಶತ್ರುಗಳಾದ ರೊಮುಲನರೇ ಮತ್ತೆ ಬರುತ್ತಾರೆ. ‘ದ ಡೂಮ್ಸ್‌ಡೇ ಮಷೀನ್’ ಬಿಡಬೇಡಿ. ‘ಮೆನಾಜರಿ’ಯ ಎರಡೂ ಭಾಗ ಒಂದೇ ಸಂಜೆ ನೋಡಿ.

ಕೊನೇ ಎಪಿಸೋಡಿನಿಂದಲೇ ಮುಗಿಸಬೇಕು ಅನ್ನುವ ಹಟ ಬೇಡ. 1969ರ ಜೂನ್ 3ರಂದು ಬಂದ ‘ಟರ್ನಬೌಟ್ ಇಂಟ್ರೂಡರ್’ ಮುಕ್ತಾಯದ ಕಥೆಯೇ ಅಲ್ಲ, ಸರಣಿ ಅಲ್ಲಿಗೆ ನಿಂತುಹೋಯಿತು ಅಷ್ಟೇ. ಅದರಲ್ಲಿ ಹೆಂಗಸರು ಕ್ಯಾಪ್ಟನ್ ಆಗುವಂತಿಲ್ಲ ಅಂತ ಅರ್ಥ ಬರುವ ಮಾತು ಬೇರೆ ಇದೆ. ನಮ್ಮ ಪಟ್ಟಿಯ ಅಕ್ಕ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದಾರೆ.

ಮೂರನೇ ಸೀಸನ್ ಶುರುವಾಗುವುದು ‘ಸ್ಪಾಕ್ಸ್ ಬ್ರೇನ್’ನಿಂದ. ಯಾರೋ ಬಂದು ಸ್ಪಾಕ್‌ನ ಮೆದುಳನ್ನೇ ಕದ್ದೊಯ್ಯುವ ಕಥೆ. ಗಂಭೀರವಾಗಿ ನೋಡಿದರೆ ತಡೆಯಲಾಗುವುದಿಲ್ಲ. ಅದನ್ನು ಡಿಸೆಂಬರ್‌ಗೆ ಎತ್ತಿಡಿ. ಆವತ್ತು ಅವರೆಕಾಳಿನ ಡಬ್ಬಿಯನ್ನು ಟಿವಿ ಮುಂದೆಯೇ ಇಟ್ಟು, ಮಾವನನ್ನೂ ಕರೆಯಿರಿ.